ಭಾಷಾವಿಜ್ಞಾನದ ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್ ಕಳಿಸುವುದು ಹೇಗೆ? ‘ಹೋಗಲಿಲ್ಲ’ ಎಂಬ ಒಂದೇ ಪದ ಹಿಡಿದು

ಪ್ರತಿ ವರ್ಷ ಇದೇ ಕಥೆ. ಎಂ.ಎ., ಪಿಎಚ್.ಡಿ. ಮಾಡುತ್ತಿರುವ ನಾಲ್ಕೈದು ಮಂದಿ ತಮ್ಮ ಅಬ್‌ಸ್ಟ್ರಾಕ್ಟ್ (ಸಮ್ಮೇಳನದಲ್ಲಿ ಏನು ಮಾತಾಡುತ್ತೇವೆ ಎಂಬುದರ ಒಂದೆರಡು ಪುಟದ ಸಾರ) ನನಗೆ ಕಳಿಸಿ, ‘ಮೇಡಂ, ಯಾಕೆ ರಿಜೆಕ್ಟ್ ಆಯ್ತು ಸ್ವಲ್ಪ ನೋಡಿ’ ಎನ್ನುತ್ತಾರೆ. ತೆರೆದು ನೋಡಿದರೆ ಹೆಚ್ಚುಕಡಿಮೆ ಹೋದ ವರ್ಷದ ತಪ್ಪುಗಳೇ. ಕೆಲವರ ಡೇಟಾ ಚೆನ್ನಾಗಿರುತ್ತದೆ, ಅದರಿಂದ ಏನು ಹೇಳಲು ಹೊರಟಿದ್ದಾರೆ ಎಂಬುದು ಮಾತ್ರ ಪುಟದಲ್ಲಿ ಎಲ್ಲೂ ಇಲ್ಲ. ಕೆಲವರ ವಾದ ಗಟ್ಟಿಯಾಗಿರುತ್ತದೆ, ಆದರೆ ಅದನ್ನು ಬೀಳಿಸುವ ಉದಾಹರಣೆ ಅವರ ಅಜ್ಜಿಯ ಬಾಯಲ್ಲೇ ದಿನಾ ಬರುತ್ತಿರುತ್ತದೆ. ಇನ್ನು ಕೆಲವರದ್ದು ಓದುವ ಮೊದಲೇ ಹೊರಗೆ ಬೀಳುತ್ತದೆ. ಎರಡು ಪುಟ ಅಂದಿದ್ದರೆ ಎರಡೂಕಾಲು ಪುಟ ಕಳಿಸಿರುತ್ತಾರೆ.

ವ್ಯಾಕರಣ ಸಿದ್ಧಾಂತ, ಭಾಷೆಯಿಂದ ಭಾಷೆಗೆ ಆಗುವ ವ್ಯತ್ಯಾಸ ಇವುಗಳ ಮೇಲೆ ನಡೆಯುವ ಸಮ್ಮೇಳನಗಳಿಗೆ ಮೊದಲ ಸಲ ಕಳಿಸುವವರಿಗೆ ಈ ಬರಹ. ಸುಮ್ನೆ ನಿಯಮ ಹೇಳಿಕೊಂಡು ಹೋದರೆ ತಲೆಗೆ ಹತ್ತುವುದಿಲ್ಲ. ಅದಕ್ಕೆ ‘ಹೋಗಲಿಲ್ಲ’ ಎಂಬ ಒಂದು ಪದವನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ.

## ಮೊದಲು ಕೈಗೆ ಬೇಕಾದವು

ಡೇಟಾ ಬರೆಯಲು ಒಂದು ನೋಟ್‌ಬುಕ್. ಬೇರೆ ಬೇರೆ ಊರಿನ ಮೂರು ನಾಲ್ಕು ಮಾತುಗಾರರು (ಭಾಷಣಕಾರರಲ್ಲ, ಆ ಭಾಷೆಯನ್ನು ಮನೆಯಲ್ಲಿ ಆಡುವವರು). ಲೈಪ್‌ಜಿಗ್ ಗ್ಲಾಸಿಂಗ್ ರೂಲ್ಸ್‌ನ ಒಂದು ಪ್ರಿಂಟ್ (ಉದಾಹರಣೆ ವಾಕ್ಯದ ಪ್ರತಿ ತುಣುಕಿನ ಕೆಳಗೆ ಅರ್ಥ ಬರೆಯುವ ಪದ್ಧತಿ; ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಒಟ್ಟು ಹತ್ತೇ ನಿಯಮ). ವರ್ಡ್ ಅಥವಾ ಲೇಟೆಕ್ (ಇದೂ ಪುಟ ಜೋಡಿಸುವ ಸಾಫ್ಟ್‌ವೇರ್). ಇದೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ವಿಷಯ ಗೊತ್ತಿಲ್ಲದ, ನಿಮ್ಮನ್ನು ಮೆಚ್ಚಿಸಬೇಕಿಲ್ಲದ ಒಬ್ಬ ಗೆಳೆಯ ಅಥವಾ ಗೆಳತಿ.

## 1. ಸಭೆ ಆರಿಸಿಕೊಳ್ಳಿ

ಅಬ್‌ಸ್ಟ್ರಾಕ್ಟ್ ಬರೆದು ಆಮೇಲೆ ಸಭೆ ಹುಡುಕುವುದು ಉಲ್ಟಾ ಕೆಲಸ. ಯಾರು ಓದುತ್ತಾರೆ ಎಂದು ಗೊತ್ತಾದ ಮೇಲೆ ಬರೆಯಬೇಕು.

ದಕ್ಷಿಣ ಏಷ್ಯಾದ ಭಾಷೆಗಳ ಮೇಲೆ ಫಾರ್ಮಲ್ (ನಿಯಮ, ಸೂತ್ರಗಳ ರೂಪದ) ಸಿದ್ಧಾಂತದ ಕೆಲಸವಾದರೆ ‘ಫಾಸಲ್’ ಇದೆ. ಅಲ್ಲಿ ದ್ರಾವಿಡ ಭಾಷೆ ಅಂದರೇನು ಎಂದು ವಿವರಿಸುತ್ತ ಕೂರಬೇಕಿಲ್ಲ. ‘ಗ್ಲೋ’ ಮತ್ತು ‘ಗ್ಲೋ ಇನ್ ಏಷ್ಯಾ’ ಜನರೇಟಿವ್ ವ್ಯಾಕರಣದವರದ್ದು, ಅಂದರೆ ವಾಕ್ಯ ಕಟ್ಟುವ ನಿಯಮಗಳನ್ನು ಹುಡುಕುವವರದ್ದು. ಕನ್ನಡದ ಒಂದು ವಿಷಯದಿಂದ ಸಿದ್ಧಾಂತಕ್ಕೆ ಏನು ಲಾಭ ಎಂದು ಅಲ್ಲಿ ನೇರವಾಗಿ ಕೇಳುತ್ತಾರೆ. ಹತ್ತಾರು ಭಾಷೆಗಳನ್ನು ಹೋಲಿಸುವ ಕೆಲಸವಾದರೆ ಟೈಪಾಲಜಿಯವರ ‘ಎ.ಎಲ್.ಟಿ.’ (ಅಸೋಸಿಯೇಷನ್ ಫಾರ್ ಲಿಂಗ್ವಿಸ್ಟಿಕ್ ಟೈಪಾಲಜಿ), ಅದು ಎರಡು ವರ್ಷಕ್ಕೊಮ್ಮೆ. ಯುರೋಪಿನ ‘ಎಸ್.ಎಲ್.ಇ.’ (ಸೊಸೈಟಾಸ್ ಲಿಂಗ್ವಿಸ್ಟಿಕಾ ಯುರೋಪಿಯಾ) ವಾರ್ಷಿಕ ಸಭೆಯಲ್ಲಿ ಎಲ್ಲ ಪಂಥದವರೂ ಇರುತ್ತಾರೆ. ನಮ್ಮಲ್ಲೇ ತಿರುವನಂತಪುರದ ಡಿ.ಎಲ್.ಎ. (ದ್ರವಿಡಿಯನ್ ಲಿಂಗ್ವಿಸ್ಟಿಕ್ಸ್ ಅಸೋಸಿಯೇಷನ್) ನಡೆಸುವ ದ್ರಾವಿಡ ಭಾಷಾವಿಜ್ಞಾನಿಗಳ ಅಖಿಲ ಭಾರತ ಸಮ್ಮೇಳನ ಇದೆ, ಲಿಂಗ್ವಿಸ್ಟಿಕ್ ಸೊಸೈಟಿ ಆಫ್ ಇಂಡಿಯಾದ ಸಮ್ಮೇಳನ ಇದೆ. ಮೊದಲ ಸಲ ವೇದಿಕೆ ಹತ್ತುವವರು ಇವನ್ನು ಕಡೆಗಣಿಸಬೇಡಿ. ತಮಿಳು, ತೆಲುಗು, ತುಳು ಮಾತಾಡುವವರೇ ಎದುರಿಗೆ ಕೂತಿರುತ್ತಾರೆ. ಅವರು ಕೇಳುವಂಥ ಪ್ರಶ್ನೆ ಬೇರೆ ಕಡೆ ಸಿಗುವುದು ಕಷ್ಟ.

ಸರಿಯಾದ ಸಭೆಯೋ ಅಲ್ಲವೋ ತಿಳಿಯಲು ಹೋದ ವರ್ಷದ ಕಾರ್ಯಕ್ರಮ ಪಟ್ಟಿ ತೆಗೆಯಿರಿ. ನಿಮ್ಮ ಶೀರ್ಷಿಕೆಯನ್ನು ಆ ಶೀರ್ಷಿಕೆಗಳ ನಡುವೆ ಇಟ್ಟು ಓದಿ. ಪರಕೀಯ ಅನ್ನಿಸಿದರೆ ಸಭೆ ಬದಲಿಸಿ. ಹಳೆಯ ಅಬ್‌ಸ್ಟ್ರಾಕ್ಟ್‌ಗಳು ಅಲ್ಲೇ ಇದ್ದರೆ ಮೂರನ್ನಾದರೂ ಪೂರ್ತಿ ಓದಿ.

ಅಪಾಯದ ಲಕ್ಷಣ: ‘ಮಾನ್ಯ ಪ್ರೊಫೆಸರ್’ ಎಂದು ಹೊಗಳುವ ಇಮೇಲ್, ಇಂಜಿನಿಯರಿಂಗ್ ಮತ್ತು ನರ್ಸಿಂಗ್ ಜೊತೆ ಭಾಷಾವಿಜ್ಞಾನವೂ ಇರುವ ಪಟ್ಟಿ, ಕಳಿಸಿದ ಎರಡೇ ದಿನಕ್ಕೆ ‘ಆಯ್ಕೆಯಾಗಿದೆ’ ಎಂಬ ಉತ್ತರ, ಕೂಡಲೇ ಹಣ ಕಟ್ಟಿ ಎಂಬ ಒತ್ತಾಯ. ಇದರಲ್ಲಿ ಎರಡು ಕಂಡರೆ ಅದು ಅಂಗಡಿ, ಸಮ್ಮೇಳನ ಅಲ್ಲ.

## 2. ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಎಸ್.ಎಲ್.ಇ.ಗೆ ಸಾಮಾನ್ಯವಾಗಿ ಜನವರಿ ಮಧ್ಯಕ್ಕೆ ಕಳಿಸಬೇಕು, ಸಭೆ ನಡೆಯುವುದು ಆಗಸ್ಟ್ ಕೊನೆಯ ಹೊತ್ತಿಗೆ. ಅಂದರೆ ಡೇಟಾ ಕೆಲಸ ಅಕ್ಟೋಬರ್‌ನಲ್ಲೇ ಶುರುವಾಗಿರಬೇಕು. ಕೊನೆಯ ವಾರ ಫಾರ್ಮ್ಯಾಟ್‌ಗೆ, ಅದರ ಹಿಂದಿನ ಎರಡು ವಾರ ಬೇರೆಯವರ ಓದಿಗೆ ಬಿಡಿ.

ಕೊನೆಯ ದಿನ ಯಾವ ಊರಿನ ಗಡಿಯಾರದ್ದು ಎಂದೂ ನೋಡಿ. ‘ಎನಿವೇರ್ ಆನ್ ಅರ್ತ್’ (ಭೂಮಿಯ ಕೊನೆಯ ಮೂಲೆಯಲ್ಲೂ ಆ ದಿನ ಮುಗಿಯುವವರೆಗೆ) ಎಂದಿದ್ದರೆ ಅದು ನಮಗಿಂತ ಹದಿನೇಳೂವರೆ ಗಂಟೆ ಹಿಂದೆ. ಜನವರಿ 15ರ ರಾತ್ರಿ 11:59 ಎಂದರೆ ನಮ್ಮಲ್ಲಿ 16ರ ಸಂಜೆ 5:29. ಇದನ್ನು ಹೇಳಿದ್ದು ಸಮಾಧಾನಕ್ಕೆ, ಆ ಸಂಜೆ ಕಳಿಸಿ ಅಂತಲ್ಲ.

ವಿದೇಶದ ಸಭೆಯಾದರೆ ಪಾಸ್‌ಪೋರ್ಟ್ ಈಗಲೇ ನೋಡಿಕೊಳ್ಳಿ. ಷೆಂಗೆನ್ ವೀಸಾಕ್ಕೆ (ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ವೀಸಾ) ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಒಪ್ಪಿಗೆ ಬಂದ ವಾರವೇ ಆಹ್ವಾನ ಪತ್ರ ಕೇಳಿ.

## 3. ವಿಷಯ ಬಿಡಿ, ವಾದ ಹಿಡಿಯಿರಿ

ಅತಿ ಜಾಸ್ತಿ ಜನ ಬೀಳುವುದು ಇಲ್ಲೇ. ನನ್ನ ಕೈಗೆ ಬರುವ ಮೊದಲ ವಾಕ್ಯ ಹೀಗಿರುತ್ತದೆ:

‘ಈ ಪ್ರಬಂಧದಲ್ಲಿ ಕನ್ನಡದ ನಿಷೇಧ ರೂಪಗಳನ್ನು ಪರಿಶೀಲಿಸಲಾಗುವುದು.’

(ನಿಷೇಧ ಅಂದರೆ ವ್ಯಾಕರಣದಲ್ಲಿ ‘ಇಲ್ಲ’, ‘ಅಲ್ಲ’, ‘ಬೇಡ’ ಎನ್ನುವುದು.) ಇದು ವಿಷಯ. ಇದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಅಲ್ಲಗಳೆಯಲು ಆಗದ ವಾಕ್ಯದಲ್ಲಿ ವಾದ ಇಲ್ಲ. ಈಗ ಡೇಟಾ ನೋಡಿ.

ಅವನು ಹೋದನು, ಅವಳು ಹೋದಳು, ಅವರು ಹೋದರು. ಕ್ರಿಯಾಪದದ ಕೊನೆಗೆ ಕರ್ತೃವಿಗೆ ತಕ್ಕ ಬಾಲ ಇದೆ. (ಅಬ್‌ಸ್ಟ್ರಾಕ್ಟ್‌ನಲ್ಲಿ ‘ಅಗ್ರಿಮೆಂಟ್’ ಎಂದೇ ಬರೆಯಿರಿ. ನಾನು ಇಲ್ಲಿ ಬಾಲ ಅನ್ನುತ್ತೇನೆ.) ‘ಇಲ್ಲ’ ಸೇರಿಸಿದ ಕೂಡಲೇ ಅವನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ. ಬಾಲ ಮಾಯ. ‘ಹೋಗುವುದಿಲ್ಲ’ದಲ್ಲೂ ಇಲ್ಲ.

ಇದರಿಂದ ಹುಟ್ಟುವ ವಾದ: ‘ಕನ್ನಡದಲ್ಲಿ ನಿಷೇಧ ಬಂದರೆ ಕ್ರಿಯಾಪದ ಬಾಲ ಕಳೆದುಕೊಳ್ಳುತ್ತದೆ.’ ಈಗ ಯಾರಾದರೂ ‘ಸುಳ್ಳು’ ಎನ್ನಬಹುದು. ಒಳ್ಳೆಯ ಲಕ್ಷಣ.

ಒಂದು ಪರೀಕ್ಷೆ ಇದೆ. ನಿಮ್ಮ ವಾಕ್ಯವನ್ನು ‘ಇಲ್ಲ, ಹಾಗಲ್ಲ’ ಎಂದು ಶುರು ಮಾಡಿ ತಿರುಗಿಸಿ ಹೇಳಿ. ಅರ್ಥ ಬಂದರೆ ವಾದ. ‘ಇಲ್ಲ, ಪರಿಶೀಲಿಸಲಾಗುವುದಿಲ್ಲ’ ಎಂದು ಬಂದರೆ ಮತ್ತೆ ಬರೆಯಿರಿ.

ಈ ವಿಷಯದಲ್ಲಿ ಈಗಾಗಲೇ ಯಾರು ಏನು ಹೇಳಿದ್ದಾರೆ ಎಂದು ಗೊತ್ತಿರಬೇಕು. ಕನ್ನಡದ ನಿಷೇಧ, ಬಾಲ, ಕಾಲ ಇವುಗಳ ಸಂಬಂಧದ ಮೇಲೆ ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಶೀಲನ್ ದೊಡ್ಡ ಕೆಲಸ ಮಾಡಿದ್ದಾರೆ. ಬಾಲಕ್ಕೂ ‘ಇಲ್ಲ’ಕ್ಕೂ ವಾಕ್ಯದಲ್ಲಿ ಒಂದೇ ಜಾಗ, ಒಂದು ಕೂತರೆ ಇನ್ನೊಂದಕ್ಕೆ ಎಡೆಯಿಲ್ಲ ಎಂಬ ದಾರಿಯಲ್ಲಿ ಅವರ ವಾದ ಸಾಗುತ್ತದೆ. ಅದನ್ನು ಓದದೆ ಈ ವಿಷಯಕ್ಕೆ ಕೈ ಹಾಕಿದರೆ ರಿವ್ಯೂವರ್ (ಅಬ್‌ಸ್ಟ್ರಾಕ್ಟ್ ಓದಿ ತೀರ್ಪು ಹೇಳುವವರು) ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

## 4. ನಿಮ್ಮ ವಾದವನ್ನು ನೀವೇ ಹೊಡೆದು ನೋಡಿ

ಇಲ್ಲಿ ನನ್ನದೇ ಕಥೆ ಹೇಳುತ್ತೇನೆ. ಮೇಲಿನ ವಾದವನ್ನೇ, ಸ್ವಲ್ಪ ಅಲಂಕಾರ ಮಾಡಿ, ವಿದ್ಯಾರ್ಥಿಯಾಗಿದ್ದಾಗ ಒಂದು ಸಭೆಗೆ ಕಳಿಸಿದ್ದೆ. ತಿರಸ್ಕಾರದ ಜೊತೆ ಬಂದ ಒಂದು ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಪದ, ಒಂದು ಪ್ರಶ್ನಾರ್ಥಕ ಚಿಹ್ನೆ: ‘ಹೋಗಲಾರಳು?’

ನಾನು ಹೋಗಲಾರೆನು, ಅವಳು ಹೋಗಲಾರಳು, ಅವರು ಹೋಗಲಾರರು. ನಿಷೇಧವೂ ಇದೆ, ಬಾಲವೂ ಇದೆ. ಹುಟ್ಟಿದಾಗಿನಿಂದ ಕೇಳಿದ ಪದ. ಬರೆಯುವಾಗ ಮಾತ್ರ ನೆನಪಿಗೆ ಬಂದಿರಲಿಲ್ಲ. ಆಮೇಲೆ ಒಂದೊಂದೇ ಬಂದವು. ಉತ್ತರ ಕರ್ನಾಟಕದ ‘ಒಲ್ಲೆ’. ಪುಸ್ತಕದ ‘ಅರಿಯೆ’. ‘ಹೋಗಬೇಡ’ ಮತ್ತು ‘ಹೋಗಬೇಡಿ’ ನಡುವಿನ ವ್ಯತ್ಯಾಸ.

ಆದ್ದರಿಂದ ಈ ಹಂತವನ್ನು ಈ ಕ್ರಮದಲ್ಲೇ ಮಾಡಿ.

ಮೊದಲು ರೂಪಗಳ ಪೂರ್ತಿ ಪಟ್ಟಿ. ಇಲ್ಲ, ಅಲ್ಲ, ಬೇಡ, ಬಾರದು, ಕೂಡದು, ಲಾರ, ಒಲ್ಲ, ‘ಹೋಗದೆ’, ‘ಹೋಗದ’. ಪ್ರತಿಯೊಂದನ್ನೂ ನಾನು, ನೀನು, ಅವನು, ಅವಳು, ಅದು, ನಾವು, ಅವರು ಎಲ್ಲಕ್ಕೂ ಹಾಕಿ ನೋಡಿ. ಬೇಸರದ ಕೆಲಸ. ನನಗೆ ಟಿಪ್ಪಣಿ ತಂದುಕೊಟ್ಟದ್ದು ಇದನ್ನು ಬಿಟ್ಟದ್ದೇ.

ಆಮೇಲೆ ಮಾತುಗಾರರು. ನಿಮ್ಮ ಕಿವಿಯೊಂದೇ ಸಾಲದು. ‘ಹೀಗೆ ಹೇಳಬಹುದಾ?’ ಎಂದು ಬರಿದೇ ಕೇಳಬೇಡಿ. ಒಳ್ಳೆಯವರು ‘ಹ್ಞೂಂ, ಹೇಳಬಹುದಪ್ಪ’ ಎನ್ನುತ್ತಾರೆ, ಅದು ಅವರ ಸೌಜನ್ಯ. ಸಂದರ್ಭ ಕೊಟ್ಟು ಕೇಳಿ: ‘ನಿನ್ನೆ ಮದುವೆಗೆ ಅಕ್ಕ ಬರುತ್ತೇನೆ ಅಂದಿದ್ದಳು, ಬರಲಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ?’ ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ. ಧಾರವಾಡದವರು ‘ಹೋಗಂಗಿಲ್ಲ’ ಎಂದರೆ ಅದನ್ನು ‘ಹೋಗುವುದಿಲ್ಲ’ ಎಂದು ಬರೆದರೆ ಡೇಟಾ ಕಳೆದುಕೊಂಡಿರಿ. ಹವ್ಯಕರ ಮನೆಯಲ್ಲಿ ಕೇಳಿದರೆ ‘ಅಕ್ಕ ಬಂತು’ ಎಂದು ಹೆಂಗಸರಿಗೂ ‘ಅದು’ವಿನ ಬಾಲವೇ ಬರಬಹುದು. ತೆಲುಗಿನಲ್ಲೂ ಏಕವಚನದಲ್ಲಿ ಹಾಗೆಯೇ, ‘ಆಮೆ ವಚ್ಚಿಂದಿ’ (ಅವಳು ಬಂದಳು), ‘ಅದಿ ವಚ್ಚಿಂದಿ’ (ಅದು ಬಂತು). ಅದು ಬೇರೆಯದೇ ಒಂದು ಅಬ್‌ಸ್ಟ್ರಾಕ್ಟ್. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟು ಮುಂದೆ ಹೋಗಿ.

ಮೂರನೆಯದು ನೆರೆಯ ಭಾಷೆಗಳು. ತಮಿಳಿನ ‘ಇಲ್ಲೈ’ಗೂ ಬಾಲ ಇಲ್ಲ, ಆದರೆ ‘ಪೋಗಮಾಟ್ಟೇನ್, ಪೋಗಮಾಟ್ಟಾನ್’ (ನಾನು ಹೋಗುವುದಿಲ್ಲ, ಅವನು ಹೋಗುವುದಿಲ್ಲ) ಎನ್ನುವಾಗ ಇದೆ. ತೆಲುಗಿನಲ್ಲಿ ‘ವೆಳ್ಳಲೇದು’ (ಹೋಗಲಿಲ್ಲ) ಎಲ್ಲರಿಗೂ ಒಂದೇ, ‘ವೆಳ್ಳನು, ವೆಳ್ಳಡು’ಗೆ (ನಾನು ಹೋಗುವುದಿಲ್ಲ, ಅವನು ಹೋಗುವುದಿಲ್ಲ) ಬಾಲ ಇದೆ. ಇನ್ನೊಂದು ಸೂಕ್ಷ್ಮ: ಅದೇ ‘ಲೇ’ ಒಂಟಿಯಾಗಿ ನಿಂತು ‘ನಾನು ಇಲ್ಲಿಲ್ಲ’ ಎನ್ನುವಾಗ ‘ಲೇನು’ ಆಗುತ್ತದೆ, ಬಾಲ ಸಮೇತ.

ಇಲ್ಲಿ ಒಂದು ಸಾಮಾನ್ಯ ತಪ್ಪು. ಮಲಯಾಳಂ ಅನ್ನೂ ಸಾಕ್ಷಿಗೆ ಕರೆಯುತ್ತಾರೆ, ‘ಪೋಯಿಲ್ಲ’ಕ್ಕೂ (ಹೋಗಲಿಲ್ಲ) ಬಾಲ ಇಲ್ಲ ನೋಡಿ ಎಂದು. ಮಲಯಾಳಂನಲ್ಲಿ ‘ಹೋದ, ಹೋದಳು’ ಎಲ್ಲಕ್ಕೂ ಬರುವ ‘ಪೋಯಿ’ಗೇ ಬಾಲ ಇಲ್ಲವಲ್ಲ! ಇಲ್ಲದ್ದು ಕಳೆದುಹೋಗುವುದು ಹೇಗೆ? ಆ ಭಾಷೆ ಈ ಪ್ರಶ್ನೆಗೆ ಸಾಕ್ಷಿ ಆಗುವುದಿಲ್ಲ. ನಿಷೇಧದಲ್ಲಿ ಕಾಲ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ವಾದ ಬದಲಾಗುತ್ತದೆ: ‘ಬಾಲ ಹೋಗುವುದು ನಿಷೇಧದ ಅರ್ಥದಿಂದಲ್ಲ. ಕನ್ನಡದ ಇಲ್ಲ, ತಮಿಳಿನ ಇಲ್ಲೈ, ತೆಲುಗಿನ ಲೇದು ಹೀಗೆ ನಿಷೇಧ ಪದ ಒಂದೇ ರೂಪದಲ್ಲಿ ಹೆಪ್ಪುಗಟ್ಟಿದ ಕಡೆ ಮಾತ್ರ ಹೋಗುತ್ತದೆ.’ ಮೊದಲಿನದಕ್ಕಿಂತ ಚಿಕ್ಕ ವಾದ. ಹೊಡೆತ ತಡೆಯುವ ವಾದವೂ ಹೌದು. ‘ಹೋಗಲಾರಳು’ ಈಗ ಶತ್ರುವಲ್ಲ, ಸಾಕ್ಷಿ.

## 5. ಉದಾಹರಣೆಗಳನ್ನು ಬಿಡಿಸಿ ಬರೆಯಿರಿ

ಕನ್ನಡ ಬಾರದ ರಿವ್ಯೂವರ್ ನಿಮ್ಮ ಉದಾಹರಣೆಯನ್ನು ಗ್ಲಾಸ್ (ಪ್ರತಿ ತುಣುಕಿನ ಕೆಳಗೆ ಬರೆಯುವ ಅರ್ಥ) ಮೂಲಕವೇ ಓದಬೇಕು. ಮೂರು ಸಾಲು ಬೇಕು. ಅಬ್‌ಸ್ಟ್ರಾಕ್ಟ್‌ನಲ್ಲಿ ರೋಮನ್ ಲಿಪಿ ಬಳಸಿ. ಇಲ್ಲಿ ಕನ್ನಡದಲ್ಲೇ ತೋರಿಸುತ್ತೇನೆ.

ಅವಳು  ಹೋಗ್-ಅಲ್-ಇಲ್ಲ
ಅವಳು  ಹೋಗು-ಇನ್ಫಿನಿಟಿವ್-ನಿಷೇಧ
‘ಅವಳು ಹೋಗಲಿಲ್ಲ.’

ಅವಳು  ಹೋಗ್-ಅಲ್-ಆರ್-ಅಳು
ಅವಳು  ಹೋಗು-ಇನ್ಫಿನಿಟಿವ್-ಆಗದು-3.ಸ್ತ್ರೀ.ಏಕ
‘ಅವಳು ಹೋಗಲಾರಳು.’

ಮೊದಲ ಸಾಲಿನಲ್ಲಿ ಎಷ್ಟು ಅಡ್ಡಗೆರೆಯೋ ಎರಡನೆಯದರಲ್ಲೂ ಅಷ್ಟೇ. ಒಂದೊಂದಾಗಿ ಎಣಿಸಿ. ಒಂದು ತುಣುಕಿಗೆ ಹಲವು ಅರ್ಥ ಇದ್ದರೆ ಚುಕ್ಕೆ, ಮೇಲಿನ ‘3.ಸ್ತ್ರೀ.ಏಕ’ದಂತೆ (ಮೂರನೆಯ ವ್ಯಕ್ತಿ, ಸ್ತ್ರೀಲಿಂಗ, ಏಕವಚನ). ‘ಊ’, ‘ಏ’ ತರಹ ಅಂಟಿಕೊಳ್ಳುವ ಪದಗಳಿಗೆ ಸಮ ಚಿಹ್ನೆ. ‘ಹೋಗಲಿಲ್ಲ’ವನ್ನು ಬಿಡಿಸದೆ ಇಡೀ ಪದದ ಕೆಳಗೆ ‘ಹೋಗಲಿಲ್ಲ’ದ ಇಂಗ್ಲಿಷ್ ಅರ್ಥ ಬರೆಯುವವರು ಬಹಳ. ಹಾಗೆ ಮಾಡಿದರೆ ನಿಮ್ಮ ವಾದ ನಿಂತಿರುವ ಜಾಗವೇ ಮುಚ್ಚಿಹೋಯಿತು. ಅದೇ ರೀತಿ, ವಾದಕ್ಕೆ ಬೇಡದ ಕಡೆ ಎಳೆಎಳೆಯಾಗಿ ಬಿಡಿಸುವುದೂ ಬೇಡ.

ಲಿಪ್ಯಂತರ ಒಂದೇ ಪದ್ಧತಿಯಲ್ಲಿರಲಿ. ದೀರ್ಘಕ್ಕೆ ಒಂದು ಕಡೆ ಗೆರೆ, ಇನ್ನೊಂದು ಕಡೆ ಎರಡು ಅಕ್ಷರ ಬೇಡ. ಳ, ಣ, ಟ, ಡಗಳ ಕೆಳಗಿನ ಚುಕ್ಕೆ ಬಿಡಬೇಡಿ. ‘ಹೇಳಿದಳು’ ಎಂಬಲ್ಲಿ ಮೊದಲ ಳಕಾರದ ಚುಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸಭೆಯಲ್ಲಿ ಕನ್ನಡದವರು ಒಬ್ಬರಿದ್ದರೂ ಸಾಕು.

ಸಾಲುಗಳನ್ನು ಸ್ಪೇಸ್ ಬಾರ್ ಒತ್ತಿ ಹೊಂದಿಸಬೇಡಿ. ಬೇರೆ ಕಂಪ್ಯೂಟರಿನಲ್ಲಿ ಎಲ್ಲ ಜರುಗುತ್ತದೆ. ವರ್ಡ್‌ನಲ್ಲಾದರೆ ಗೆರೆ ಕಾಣದ ಟೇಬಲ್ ಅಥವಾ ಟ್ಯಾಬ್, ಲೇಟೆಕ್‌ನಲ್ಲಾದರೆ ಜಿಬಿ4ಇ, ಎಕ್ಸ್‌ಪೆಕ್ಸ್ ತರಹದ ಪ್ಯಾಕೇಜ್. ಒಪ್ಪದ ವಾಕ್ಯದ ಮುಂದೆ ನಕ್ಷತ್ರ ಹಾಕಿ. ಅನುಮಾನವಿದ್ದರೆ ಪ್ರಶ್ನಾರ್ಥಕ. ಅನುಮಾನವಿದ್ದಲ್ಲಿ ನಕ್ಷತ್ರ ಹಾಕಿ ಧೈರ್ಯ ತೋರಿಸಬೇಡಿ.

## 6. ಎರಡು ಪುಟ ತುಂಬುವ ಕ್ರಮ

ಸಿದ್ಧಾಂತದ ಸಭೆಗಳಲ್ಲಿ ಸಾಮಾನ್ಯ ಅಳತೆ ಎರಡು ಪುಟ, 11 ಅಥವಾ 12 ಪಾಯಿಂಟ್ ಅಕ್ಷರ, ಸುತ್ತ 1 ಇಂಚು ಅಂಚು. ಎಸ್.ಎಲ್.ಇ. 500 ಪದ ಕೇಳುತ್ತದೆ, ಆಕರ ಪಟ್ಟಿ ಅದರ ಹೊರಗೆ. ಉದಾಹರಣೆ ಮತ್ತು ಆಕರಗಳು ಲೆಕ್ಕಕ್ಕೆ ಸೇರುತ್ತವೆಯೋ ಇಲ್ಲವೋ ಎಂದು ಪ್ರಕಟಣೆಯಲ್ಲೇ ಇರುತ್ತದೆ, ಓದಿ.

ಮೊದಲ ಐದಾರು ಸಾಲಿನೊಳಗೆ ಒಗಟು ಮತ್ತು ಒಂದು ಉದಾಹರಣೆ ಬರಬೇಕು. ಅದರ ಬೆನ್ನಿಗೇ ವಾದ, ಒಂದೇ ವಾಕ್ಯದಲ್ಲಿ, ಸಾಧ್ಯವಾದರೆ ದಪ್ಪ ಅಕ್ಷರದಲ್ಲಿ. ಆಮೇಲೆ ಸಾಕ್ಷಿ. ಮೊದಲ ಪುಟ ಇಲ್ಲಿಗೆ ಮುಗಿಯಲಿ. ಎರಡನೇ ಪುಟದಲ್ಲಿ ವಿಶ್ಲೇಷಣೆ, ಹಿಂದಿನವರ ವಿವರಣೆ ಎಲ್ಲಿ ಸಾಲದು ಎಂಬುದು, ನಿಮ್ಮ ವಾದ ಮುಂದೆ ಏನನ್ನು ನಿರೀಕ್ಷಿಸುತ್ತದೆ ಎಂಬುದು. ನಮ್ಮ ಉದಾಹರಣೆಯಲ್ಲಿ ನಿರೀಕ್ಷೆ ಇದು: ಒಂದೇ ನಿಷೇಧ ಪದಕ್ಕೆ ಹೆಪ್ಪುಗಟ್ಟಿದ ರೂಪ, ಗಟ್ಟದ ರೂಪ ಎರಡೂ ಇರುವ ಭಾಷೆಯಲ್ಲಿ ಬಾಲ ಎರಡನೆಯದರಲ್ಲಿ ಮಾತ್ರ ಕಾಣಬೇಕು. ತೆಲುಗಿನ ಲೇದು, ಲೇನು ಅದನ್ನೇ ತೋರಿಸುತ್ತವೆ.

‘ಕನ್ನಡವು ದ್ರಾವಿಡ ಭಾಷಾ ಕುಟುಂಬಕ್ಕೆ ಸೇರಿದ ಪ್ರಾಚೀನ ಭಾಷೆ’ ಎಂದು ಶುರು ಮಾಡುವ ಪ್ಯಾರಾ ಇದ್ದರೆ ಅಳಿಸಿ. ನಾಲ್ಕು ಸಾಲು ಸಿಕ್ಕಿತು. ‘ವಿವರ ಸಭೆಯಲ್ಲಿ ಹೇಳಲಾಗುವುದು’ ಎಂಬುದನ್ನೂ ಅಳಿಸಿ. ಅದನ್ನು ಓದಿದವರಿಗೆ ಕೆಲಸ ಇನ್ನೂ ಆಗಿಲ್ಲ ಎಂದೇ ಅರ್ಥವಾಗುತ್ತದೆ.

ಜಾಗ ಸಾಲದೆ ಅಕ್ಷರ ಚಿಕ್ಕದು ಮಾಡುವ ಆಸೆ ಬಂದರೆ ಒಂದು ಉದಾಹರಣೆ ತೆಗೆಯಿರಿ. ಒಂದೇ ಮಾತು ಹೇಳುವ ಮೂರು ಉದಾಹರಣೆ ಖಂಡಿತ ಇರುತ್ತವೆ.

## 7. ಹೆಸರು ಅಳಿಸಿ

ರಿವ್ಯೂವರ್‌ಗೆ ನೀವು ಯಾರೆಂದು ತಿಳಿಯಬಾರದು. ಮೇಲಿನ ಹೆಸರನ್ನು ಎಲ್ಲರೂ ತೆಗೆಯುತ್ತಾರೆ. ಉಳಿಯುವುದು ಬೇರೆ ಕಡೆ: ಫೈಲಿನ ಹೆಸರಿನಲ್ಲಿ, ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ, ‘ನನ್ನ ಹಿಂದಿನ ಲೇಖನದಲ್ಲಿ’ ಎಂಬ ಮಾತಿನಲ್ಲಿ, ಗೈಡ್‌ಗೆ ಹೇಳಿದ ಕೃತಜ್ಞತೆಯಲ್ಲಿ. ನಿಮ್ಮದೇ ಕೆಲಸವನ್ನು ಬೇರೆಯವರದ್ದರಂತೆ ಉಲ್ಲೇಖಿಸಿ.

ಒಬ್ಬರು ಎಷ್ಟು ಕಳಿಸಬಹುದು ಎಂಬ ಮಿತಿಯೂ ಇರುತ್ತದೆ. ಬಹಳ ಕಡೆ ಒಂಟಿಯಾಗಿ ಒಂದು, ಜಂಟಿಯಾಗಿ ಒಂದು.

## 8. ಓದಿಸಿ, ಆಮೇಲೆ ಕಳಿಸಿ

ಮೊದಲು ಹೇಳಿದ, ನಿಮ್ಮ ವಿಷಯ ಗೊತ್ತಿಲ್ಲದ ಆ ಗೆಳತಿಗೆ ಹತ್ತು ನಿಮಿಷ ಕೊಡಿ. ಓದಿದ ಮೇಲೆ ಹಾಳೆ ವಾಪಸ್ ತೆಗೆದುಕೊಂಡು, ‘ನಾನು ಏನು ಹೇಳಿದ್ದೇನೆ?’ ಎಂದು ಕೇಳಿ. ‘ಕನ್ನಡದ ನಿಷೇಧದ ಬಗ್ಗೆ ಏನೋ’ ಎಂದರೆ ಮೂರನೇ ಹಂತಕ್ಕೆ ವಾಪಸ್. ‘ನಿಷೇಧ ಪದ ಹೆಪ್ಪುಗಟ್ಟಿದರೆ ಬಾಲ ಹೋಗುತ್ತೆ ಅಂತೀಯ’ ಎಂದರೆ ಕಳಿಸಬಹುದು. ನಡುವೆ ವಿವರಿಸಲು ಬಾಯಿ ಹಾಕಬೇಡಿ. ರಿವ್ಯೂವರ್ ಪಕ್ಕದಲ್ಲಿ ನೀವು ಕೂತಿರುವುದಿಲ್ಲ.

ಈಸಿಚೇರ್ ತರಹದ ತಾಣದಲ್ಲಿ ಅಪ್‌ಲೋಡ್ ಮಾಡಿದ ಮೇಲೆ ಅದೇ ಫೈಲನ್ನು ಇಳಿಸಿಕೊಂಡು ತೆರೆಯಿರಿ. ಫಾಂಟ್ ಸೇರಿಲ್ಲದಿದ್ದರೆ ಚುಕ್ಕೆಯ ಅಕ್ಷರಗಳೆಲ್ಲ ಚೌಕಗಳಾಗಿರುತ್ತವೆ.

## 9. ಉತ್ತರ ಬಂದ ಮೇಲೆ

ತಿರಸ್ಕಾರ ಬಂದರೆ ಟಿಪ್ಪಣಿಗಳನ್ನು ಎರಡು ದಿನ ಬಿಟ್ಟು ಓದಿ. ಮೊದಲ ದಿನ ಎಲ್ಲವೂ ಅನ್ಯಾಯ ಅನ್ನಿಸುತ್ತದೆ. ‘ಇವರಿಗೆ ಅರ್ಥವೇ ಆಗಿಲ್ಲ’ ಎನ್ನಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ. ನೀವು ಸರಿಯಾಗಿ ಬರೆಯದ ಜಾಗ ಹೆಚ್ಚಾಗಿ ಅದೇ. ಇಬ್ಬರು ಒಂದೇ ಮಾತು ಹೇಳಿದ್ದರೆ ಅದನ್ನು ಸರಿಪಡಿಸದೆ ಬೇರೆ ಸಭೆಗೆ ಕಳಿಸಬೇಡಿ. ನಮ್ಮ ಕ್ಷೇತ್ರ ಚಿಕ್ಕದು, ಅದೇ ಅಬ್‌ಸ್ಟ್ರಾಕ್ಟ್ ಅದೇ ರಿವ್ಯೂವರ್ ಕೈಗೆ ಹೋದದ್ದನ್ನು ನೋಡಿದ್ದೇನೆ.

ಭಾಷಣದ ಬದಲು ಪೋಸ್ಟರ್ (ಗೋಡೆಗೆ ಹಾಕಿ ಪಕ್ಕದಲ್ಲಿ ನಿಂತು ವಿವರಿಸುವ ದೊಡ್ಡ ಹಾಳೆ) ಸಿಕ್ಕರೆ ಮುಖ ಸಣ್ಣ ಮಾಡಬೇಡಿ. ಭಾಷಣಕ್ಕಿಂತ ಜಾಸ್ತಿ ಮಾತುಕತೆ ಅಲ್ಲೇ ಆಗುತ್ತದೆ. ಎ0 ಅಳತೆ ಎಂದರೆ 84.1 × 118.9 ಸೆಂ.ಮೀ. ಉದ್ದಕ್ಕೋ ಅಡ್ಡಕ್ಕೋ ಎಂದು ಮೊದಲೇ ಕೇಳಿ. ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿದರೆ ಮಡಚಿ ಬ್ಯಾಗಿಗೆ ಹಾಕಬಹುದು.

## 10. ಮಾತಾಡುವ ದಿನ

ಬಹಳ ಕಡೆ 20 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಅಬ್‌ಸ್ಟ್ರಾಕ್ಟ್‌ನಲ್ಲಿದ್ದ ಎಲ್ಲವನ್ನೂ ಹೇಳಲು ಹೋದರೆ ವಾದಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸುತ್ತಾರೆ. ಮೂರನೇ ನಿಮಿಷದೊಳಗೆ ವಾದ ಹೇಳಿಬಿಡಿ. ಉದಾಹರಣೆಗಳಿಗೆ ಸ್ಲೈಡ್‌ನಲ್ಲೂ ಹ್ಯಾಂಡೌಟ್‌ನಲ್ಲೂ ಒಂದೇ ನಂಬರ್ ಇರಲಿ. ‘ಏಳನೇ ಉದಾಹರಣೆಗೆ ವಾಪಸ್ ಹೋಗ್ತೀರಾ?’ ಎಂದು ಕೇಳಿಯೇ ಕೇಳುತ್ತಾರೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಅದನ್ನು ನಾನು ಮಾತುಗಾರರ ಬಳಿ ಕೇಳಿಲ್ಲ’ ಎನ್ನಿ. ಆ ಕ್ಷಣದಲ್ಲಿ ನಿಮ್ಮ ಕಿವಿ ನಂಬಿ ‘ಕನ್ನಡದಲ್ಲಿ ಹಾಗೆ ಹೇಳುವುದಿಲ್ಲ’ ಎನ್ನಬೇಡಿ. ಹಿಂದಿನ ಸಾಲಿನಲ್ಲಿ ಕುಂದಾಪುರದವರೋ ಬೀದರ್‌ನವರೋ ಕೂತಿದ್ದು, ‘ನಮ್ಮ ಕಡೆ ಹೇಳ್ತೇವೆ’ ಎಂದರೆ ಮುಗಿಯಿತು. ಹಾಗಂದವರನ್ನು ಮಾತ್ರ ಚಹಾ ಹೊತ್ತಿಗೆ ಬಿಡಬೇಡಿ. ನೋಟ್‌ಬುಕ್ ತೆಗೆದು, ಅವರ ಊರು ಕೇಳಿ, ಆ ವಾಕ್ಯವನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ.